ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು

ನಮ್ಮ ಮೈನರ್ ಎಂಬ ಹಳೇ ಕಾಲದ ಕಾರಿನ ಬಗ್ಗೆ ಊರಲ್ಲಿ ಹಬ್ಬಿರುವ ಸುದ್ದಿಯಲ್ಲಿ ಅರ್ಧ ಸುಳ್ಳು. ಆ ಅರ್ಧವನ್ನು ಅಳಿಸಲಿಕ್ಕೆಂದೇ ನಾನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಮೂರನೇ ಕ್ಲಾಸಿನ ಬಾಗಿಲು ತಲುಪುವಷ್ಟರಲ್ಲಿ ನಮ್ಮಪ್ಪ ಕೈಗೆ ಎಮ್ಮೆ ಹಗ್ಗ ಕೊಟ್ಟರು. ಆದರೆ ಸ್ಪ್ಯಾನರ್ ಹಿಡಿಯಲು ಕಾಗುಣಿತ ಯಾಕೆ ಬೇಕು? ಮೂವತ್ತು ವರ್ಷ ನಮ್ಮ ಬಾವಿಯ ಪಂಪ್‌ಸೆಟ್ಟನ್ನು ನಾನೇ ಬಿಚ್ಚಿ ನಾನೇ ಜೋಡಿಸಿದ್ದೇನೆ. ಪ್ರತಿ ಸಲವೂ ಒಂದೆರಡು ನಟ್ಟು ಮಿಕ್ಕುತ್ತಿದ್ದವು. ಆದರೂ ಪಂಪು ಓಡುತ್ತಿತ್ತು. ಮಿಕ್ಕ ನಟ್ಟುಗಳು ಒಂದು ಡಬ್ಬಿ ತುಂಬ ಇವೆ. ಅನುಮಾನ ಇದ್ದವರು ಬಂದು ನೋಡಬಹುದು!

ಕಾರು ನನ್ನ ಕೈಗೆ ಬಂದದ್ದು ವೈಟ್‌ಫೀಲ್ಡಿನ ಒಬ್ಬ ಮುದುಕ ಆಂಗ್ಲೋ-ಇಂಡಿಯನ್ ದೊರೆಯಿಂದ. ಇಪ್ಪತ್ತು ವರ್ಷ ಅವರ ಮನೆಗೆ ಹಾಲು ಹಾಕಿದವನು ನಾನು. ಆಸ್ಟ್ರೇಲಿಯಾದಲ್ಲಿದ್ದ ಮಕ್ಕಳ ಬಳಿ ಹೊರಟಾಗ ಅವರು ಬಾನೆಟ್ ಸವರಿ, "ಮುನಿಯಪ್ಪ, ಇದನ್ನ ಗುಜರಿಗೆ ಮಾತ್ರ ಹಾಕಬೇಡ" ಎಂದು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಹಸಿರು ಬಣ್ಣ, ಕಪ್ಪೆ ಕೂತ ಹಾಗೆ ದುಂಡಗಿನ ಮೈ. ಇದ್ದ ದೋಷ ಒಂದೇ. ಸ್ವಲ್ಪ ವೇಗ ಹಿಡಿದರೆ ಹಿಂದಿನಿಂದ ಊಳಿಡುವ ಸದ್ದು ಬರುತ್ತಿತ್ತು. ಬೀದಿ ನಾಯಿಗಳು ಅದಕ್ಕೆ ಉತ್ತರ ಕೊಡುತ್ತಿದ್ದವು.

ಹೀಗಿರುವಾಗ ನನಗೆ ಮೊಮ್ಮಗಳು ಹುಟ್ಟಿದಳು! ನನ್ನ ಮೊದಲನೇ ಮೊಮ್ಮಗಳು! ಬಸ್ಸಿನ ಕಂಡಕ್ಟರಿಗೂ ಮೈಸೂರುಪಾಕು ಕೊಟ್ಟೆ. ಆತ ಟಿಕೆಟ್ ಕೊಡುವುದನ್ನು ಬಿಟ್ಟು ಅದನ್ನೇ ತಿನ್ನುತ್ತ ನಿಂತ. ಮಗುವಿನ ಮೂಗು ನನ್ನದು. ನನ್ನ ಹೆಂಡತಿ ಪಿಳ್ಳಮ್ಮ ಅದು ತನ್ನದು ಎನ್ನುತ್ತಾಳೆ. ಅವಳ ಮೂಗು ಯಾವ ಮಗುವಿಗೂ ಬಾರದಿರಲಿ.

ಸೊಸೆ ಭಾಗ್ಯ ಬಾಣಂತನಕ್ಕೆ ಕಾಡುಗೋಡಿಯ ತವರಿನಲ್ಲಿದ್ದಳು. ನಮ್ಮ ಮನೆಯಿಂದ ಎರಡು ಮೈಲಿ. ಐದನೇ ತಿಂಗಳಲ್ಲಿ ತಾಯಿ ಮಗುವನ್ನು ಕರೆತರಬೇಕು. ನಮ್ಮ ಬೀಗರು ಚಿಕ್ಕಣ್ಣನವರು ಜಮೀನು ಲೇಔಟಿಗೆ ಕೊಟ್ಟು ಹೊಸ ಬಿಳಿ ಕಾರು ತಂದಿದ್ದರು. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಒಂದು ದಿನ ಕಾಫಿ ಕುಡಿಯುತ್ತ ಅವರು ಅಂದರು:

"ಬೀಗ್ರೇ, ಮಗೀನ ಕರ್ಕೊಂಡೋಗಕ್ಕೆ ನಮ್ ಕಾರ್ ಕಳಿಸ್ತೀನಿ ಬಿಡಿ. ನಿಮ್ದು ಊಳಿಟ್ರೆ ಮಗಾ ಬೆಚ್ಚಿ ಬೀಳ್ತದೆ."

ನನ್ನ ಮೊಮ್ಮಗಳು, ನನ್ನ ಮನೆಗೆ, ಮೊದಲನೇ ಸಲ, ಬೇರೆಯವರ ಪ್ಲಾಸ್ಟಿಕ್ ಸೀಟಿನ ಮೇಲೆ ಬರುವುದೇ? ಲೋಟ ಕೆಳಗಿಟ್ಟು ಎದ್ದು ನಿಂತು ಘೋಷಿಸಿದೆ: "ನನ್ ಮೊಮ್ಮಗಳು ನನ್ ಕಾರಲ್ಲೇ ಬರ್ತಾಳೆ. ಸದ್ದಿಲ್ದಂಗೆ ಬರ್ತಾಳೆ!"

ನಮ್ಮ ಮೆಕ್ಯಾನಿಕ್ ಬಷೀರ್ ಕಾರಿನಡಿ ತೂರಿ, ಎದ್ದು ಬಂದು ತೀರ್ಪು ಹೇಳಿದ: "ಯಜಮಾನ್ರೇ, ಡಿಫರೆನ್ಷಿಯಲ್ ಹೋಗಿದೆ." ಹಿಂದಿನ ಎರಡು ಚಕ್ರಗಳ ನಡುವೆ ಕಡಾಯಿಯಷ್ಟು ದಪ್ಪನೆಯ ಗುಂಡು ಕಾಣುತ್ತದಲ್ಲ, ಅದರೊಳಗೆ ಹಲ್ಲಿನ ಚಕ್ರಗಳದ್ದೊಂದು ಕೂಡು ಕುಟುಂಬವಿದೆ. ಇಂಜಿನ್ನು ತಿರುಗಿದ್ದನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವುದು ಅದೇ. ನಮ್ಮದರಲ್ಲಿ ಹಲ್ಲುಗಳು ನನ್ನ ಹಲ್ಲುಗಳಿಗಿಂತ ಸವೆದಿದ್ದವು.

"ರಿಪೇರಿ ಮಾಡೋದೇ ಆದ್ರೆ ಅಪ್‌ಗ್ರೇಡೇ ಮಾಡಿಬಿಡೋಣ. ಇದೇ ಕಾರಿನ ಹೊಸ ಮಾಡಲ್‌ದು ಗುಜರೀಲಿ ಸಿಕ್ಕುತ್ತೆ. ಹಲ್ಲು ಕಮ್ಮಿ, ಓಟ ಜಾಸ್ತಿ" ಎಂದ ಬಷೀರ್.

ಹಲ್ಲು ಕಮ್ಮಿಯಾದರೂ ಓಟ ಜಾಸ್ತಿ! ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಮಾತು ಯಾರು ಹೇಳಿಯಾರು? ಮೂರು ಭಾನುವಾರ ಇಬ್ಬರೂ ಗುಜರಿ ಅಲೆದು ಮಾಲು ತಂದೆವು. ಬಷೀರ್ ಎಂಟು ದಿನ ನಮ್ಮ ಜಗುಲಿಯ ಮೇಲೇ ಕೂತು, ಬೇರಿಂಗು ಬದಲಿಸಿ, ಹಲ್ಲಿಗೆ ನೀಲಿ ಬಣ್ಣ ಬಳಿದು ಎಲ್ಲಿ ಕಚ್ಚುತ್ತದೆ ಎಂದು ನೋಡಿ, ಕೂದಲೆಳೆಯಷ್ಟು ತೆಳುವಾದ ತಗಡು ಕೊಟ್ಟು, ತೆಗೆದು, ಮತ್ತೆ ಕೊಟ್ಟು ಜೋಡಿಸಿದ. ಕೈಯಲ್ಲಿ ತಿರುಗಿಸಿದರೆ ಬೆಣ್ಣೆ! ಇನ್ನು ಉಳಿದದ್ದು ಅದನ್ನು ಕಾರಿಗೆ ಕೂರಿಸುವುದು. ಎಂಟೇ ಎಂಟು ನಟ್ಟು.

"ಕೋಲಾರದಲ್ಲಿ ತಂಗಿ ಮದುವೆ. ಸೋಮವಾರ ಬಂದು ನಾನೇ ಕೂರಿಸ್ತೀನಿ" ಎಂದು ಬಷೀರ್ ಎದ್ದ. "ನೀವು ಕೈ ಹಾಕಬೇಡಿ ಯಜಮಾನ್ರೇ. ಇದು ಮೇಲೆ ಕೆಳಗೆ ಎರಡೂ ಕಡೆ ಒಂದೇ ತರ ಕಾಣುತ್ತೆ. ಸೀಮೆಸುಣ್ಣದ ಗೀಟು ಇರೋದು ಮೇಲೆ, ಗ್ಯಾಪ್ಕ ಇರಲಿ."

ಜ್ಞಾಪಕ ಇಟ್ಟುಕೊಂಡೆ. ಸೀಮೆಸುಣ್ಣ ಅಳಿಸಿಹೋದರೆ ಎಂದು, ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ದೊಡ್ಡದೊಂದು ಬೊಟ್ಟನ್ನೂ ಇಟ್ಟೆ. ಇದಕ್ಕಿಂತ ಜವಾಬ್ದಾರಿಯಿಂದ ಯಾವ ಇಂಜಿನಿಯರು ನಡೆದುಕೊಳ್ಳುತ್ತಾನೆ?

ಬುಧವಾರ ಬೀಗರ ಫೋನು ಬಂತು. ಮುಂದಿನ ವಾರಕ್ಕೆ ಇಟ್ಟಿದ್ದ ದಿನ ಸರಿಯಿಲ್ಲವಂತೆ. ಪುರೋಹಿತರ ಪ್ರಕಾರ ಇರುವುದು ಈ ಶುಕ್ರವಾರ ಒಂದೇ. ಅದೂ ಹತ್ತೂವರೆಗೆ ರಾಹುಕಾಲ ಹುಟ್ಟುವ ಮೊದಲು ಮಗು ಹೊಸ್ತಿಲು ದಾಟಬೇಕು. ತಪ್ಪಿದರೆ ಆಷಾಢ ಕಳೆಯಬೇಕು. ಮತ್ತೊಂದು ತಿಂಗಳು ಮೊಮ್ಮಗಳಿಲ್ಲದೆ! "ನಮ್ ಕಾರ್ ರೆಡಿ ಐತೆ" ಎಂದೂ ಸೇರಿಸಿದರು. ನಾನು ಫೋನಿಟ್ಟು ಸ್ಪ್ಯಾನರ್ ಎತ್ತಿಕೊಂಡೆ.

ಗುರುವಾರ ಬೆಳಿಗ್ಗೆ ಗೇರ್ ಆಯಿಲ್ ತರಲು ಹೋಗಿದ್ದೆ. ಬರುವಷ್ಟರಲ್ಲಿ ಗುಂಡು ಮಣೆಯ ಮೇಲೆ ಥಳಥಳ ಹೊಳೆಯುತ್ತಿತ್ತು. ಕುಂಕುಮದ ಬೊಟ್ಟು ಮೇಲುಗಡೆ ಕೆಂಪಗೆ ಕಾಣುತ್ತಿತ್ತು. ಎತ್ತಿಕೊಂಡೆ, ಬೊಟ್ಟು ಮೇಲೆ ಬರುವಂತೆ ಹಿಡಿದೆ, ಕೂರಿಸಿದೆ. ಎಂಟು ನಟ್ಟಿಗೆ ಎಂಟು ನಟ್ಟೂ ಹಾಕಿದೆ. ಒಂದೂ ಮಿಕ್ಕಲಿಲ್ಲ! ನನ್ನ ಜೀವಮಾನದಲ್ಲಿ ಇದೇ ಮೊದಲು. ಇಂಜಿನ್ನಿನಿಂದ ಬರುವ ಉದ್ದದ ಶಾಫ್ಟು ಮಾತ್ರ ಮೊದಲಿನ ಹಾಗಿಲ್ಲದೆ ಸ್ವಲ್ಪ ಓರೆಯಾಗಿ ಕಂಡಿತು. ಹೊಸ ಮಾಡಲ್ ಅಲ್ಲವೇ? ಅಪ್‌ಗ್ರೇಡ್ ಎಂದರೆ ಇದೇ ಇರಬೇಕು ಎಂದುಕೊಂಡೆ.

ಓಡಿಸಿ ನೋಡಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಪೂಜೆಯಾಗದ ಗಾಡಿಯನ್ನು ಓಡಿಸುತ್ತಾರೆಯೇ? ಕೇಳುವವರಿಗೆ ನಾಚಿಕೆಯಾಗಬೇಕು!

ಶುಕ್ರವಾರ ಎಂಟು ಗಂಟೆಗೆ ಅಂಗಳದಲ್ಲಿ ಕಾರಿಗೆ ಹೂವಿನ ಹಾರ. ಮುಂದಿನ ಎರಡು ಚಕ್ರಗಳ ಮುಂದೆ ಎರಡೆರಡರಂತೆ ನಾಲ್ಕು ನಿಂಬೆಹಣ್ಣು. ಪಿಳ್ಳಮ್ಮ ಮಂಗಳಾರತಿ ಎತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಅಕ್ಕಪಕ್ಕದವರು ಸೇರಿದ್ದರು. ಮಗ ನಂಜುಂಡ ಸ್ಕೂಟರ್ ಹತ್ತಿ ಗೇಟಿನ ಹೊರಗೆ ಕಾಯುತ್ತಿದ್ದ. ನಾನು ದೇವರ ಹೆಸರು ಹೇಳಿ ಫಸ್ಟ್ ಗೇರು ಹಾಕಿ ಕ್ಲಚ್ ಬಿಟ್ಟೆ.

ನಾಲ್ಕು ನಿಂಬೆಹಣ್ಣೂ ಇದ್ದಲ್ಲೇ ಇದ್ದವು. ನಾವಿರಲಿಲ್ಲ.

ನಾವು ತಿಪ್ಪೆಯಲ್ಲಿದ್ದೆವು.

"ಏನ್ರೀ ಇದು, ಇಂದಕ್ ಓಗ್ತೈತೆ!" ಎಂದು ಪಿಳ್ಳಮ್ಮ ಕಿರುಚಿದಳು.

"ಗೇರ್ ತಪ್ಪಿರ್ಬೇಕು ಕಣೇ, ಸುಮ್ನಿರು."

ಸೆಕೆಂಡ್ ಹಾಕಿದೆ. ತಿಪ್ಪೆಯೊಳಗೆ ಇನ್ನೂ ಆಳಕ್ಕೆ ಹೋದೆವು. ಮೂರನೆಯದಕ್ಕೆ ಕೈ ಹಾಕುವಾಗ ಪಿಳ್ಳಮ್ಮ ನನ್ನ ಭುಜ ಹಿಡಿದಳು. "ಸಾಕು ನಿಲ್ಸಿ! ಇಂದೆ ಬಾವಿ ಐತೆ!" ಬೇರೆ ದಾರಿ ಕಾಣದೆ, ಸಿಟ್ಟಿನಿಂದ ರಿವರ್ಸ್ ಎಳೆದೆ. ಕಾರು ಗಂಭೀರವಾಗಿ ಮುಂದಕ್ಕೆ ಹೊರಟು, ಒಂದೊಂದೇ ನಿಂಬೆಹಣ್ಣನ್ನು ಶಾಸ್ತ್ರೋಕ್ತವಾಗಿ ಅರೆದು, ಗೇಟು ದಾಟಿತು! ಜನ ಚಪ್ಪಾಳೆ ತಟ್ಟಿದರು. ಅದರ ಅರ್ಥ ನನಗೆ ಇಂದಿಗೂ ತಿಳಿದಿಲ್ಲ.

"ಅಪ್ಪಾ, ನಿಲ್ಸಿ! ಮಾವನ ಕಾರಿಗೆ ಫೋನ್ ಮಾಡ್ತೀನಿ!" ಎಂದ ನಂಜುಂಡ.

"ಮಾಡಿದ್ರೆ ನೀನ್ ನನ್ ಮಗ ಅಲ್ಲ! ಮುಂದಕ್ಕೆ ಓಗಕ್ಕೆ ಒಂದ್ ಗೇರ್ ಐತಲ್ಲ, ಸಾಲ್ದಾ?"

ಸಾಲುತ್ತಿರಲಿಲ್ಲ. ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಹೋಗುವ ಸುಖವನ್ನು ಶತ್ರುವಿಗೂ ಬಯಸಲಾರೆ. ಇಂಜಿನ್ನು ಅರಚುತ್ತದೆ, ಗಾಡಿ ತೆವಳುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ನಮ್ಮ ಪಕ್ಕಕ್ಕೆ ಬಂದು, "ಮುನಿಯಪ್ಪಣ್ಣ, ತಳ್ಬೇಕಾ?" ಎಂದ.

"ಓಡ್ತಾ ಇರೋ ಕಾರ್‌ನ ಯಾಕೋ ತಳ್ತೀಯಾ?"

"ಓಡ್ತಾ ಐತಾ? ನಿಂತೈತೆ ಅನ್ಕೊಂಡೆ!" ಎಂದು ಬೆಲ್ಲು ಹೊಡೆದು ಮುಂದೆ ಹೋದ. ಕಂಪನಿ ಬಸ್ಸೊಂದು ಹಿಂದೆ ಹಾರನ್ ಹೊಡೆದೂ ಹೊಡೆದೂ ಸುಸ್ತಾಯಿತು. ದಾರಿಯಲ್ಲಿ ಎರಡು ಸಲ ರೇಡಿಯೇಟರ್ ಕುದಿಯಿತು. ಎರಡೂ ಸಲ ಪಿಳ್ಳಮ್ಮ ಯಾರದೋ ಮನೆಯಿಂದ ಬಿಂದಿಗೆಯಲ್ಲಿ ನೀರು ತಂದು, ಅರ್ಧ ಕಾರಿಗೆ ಹಾಕಿ, ಉಳಿದರ್ಧವನ್ನು ನನ್ನ ತಲೆಗೆ ಹಾಕುವ ಹಾಗೆ ನೋಡಿದಳು.

ಬೀಗರ ಮನೆ ಮುಟ್ಟಿದಾಗ ಹತ್ತಕ್ಕೆ ಇಪ್ಪತ್ತು ನಿಮಿಷ. ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಏಳುತ್ತಿತ್ತು. ಇದೇ ಗೇರಿನಲ್ಲಿ ವಾಪಸಾದರೆ ಹನ್ನೊಂದು ಗಂಟೆ. ಅಲ್ಲಿಗೆ ರಾಹುಕಾಲ, ಅದರ ಹಿಂದೆ ಆಷಾಢ!

ಚಿಕ್ಕಣ್ಣನವರು ಆಗಲೇ ಬಿಳಿ ಕಾರಿನ ಬಾಗಿಲು ತೆರೆದು ನಿಂತಿದ್ದರು. ಅವರ ಮುಖದಲ್ಲಿ ನಗು ಇರಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು! "ಬೀಗ್ರೇ, ಟೇಮಾಗ್ತೈತೆ. ಮಗೀನ ಕೂರ್ಸೋಣ್ವಾ?" ಎಂದು ಮೆತ್ತಗೆ ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಹಬೆ ತಗುಲಿತು ಎಂದು ಹೇಳಿದೆ.

"ಆಗ್ಲಿ, ಕೂರ್ಸಿ" ಎಂದೆ.

ಭಾಗ್ಯ ಮಗುವನ್ನೆತ್ತಿಕೊಂಡು ಹೊರಗೆ ಬಂದಳು. ಹಾರ ಹಾಕಿಕೊಂಡು ಹಬೆ ಬಿಡುತ್ತಿದ್ದ ಮೈನರನ್ನು ನೋಡಿದಳು. ಮೊಣಕೈವರೆಗೂ ಗ್ರೀಸು ಮೆತ್ತಿದ್ದ ನನ್ನನ್ನೂ ನೋಡಿದಳು.

"ಮಾವ, ಇಂದಕ್ಕೆ ಚೆನ್ನಾಗ್ ಓಗ್ತೈತಾ?"

"ಇಂದಕ್ಕಾ? ಬೆಣ್ಣೆ ಕಣವ್ವಾ! ಒಂಚೂರೂ ಸದ್ದಿಲ್ಲ!"

"ಅಂಗಾದ್ರೆ ಇಂದಕ್ಕೇ ಓಗಣ. ನೀಲಗಿರಿ ತೋಪಿನ ದಾರೀಲಿ ಗಾಡಿಗಳಿರಲ್ಲ. ಆದ್ರೆ ಸೆಕೆಂಡ್ ಗೇರ್ ದಾಟಂಗಿಲ್ಲ. ಕೂಗಿದ ತಕ್ಷಣ ನಿಲ್ಲಿಸ್ಬೇಕು."

ಹೊರಟೆವು. ನಂಜುಂಡ ಸ್ಕೂಟರಿನಲ್ಲಿ ದಾರಿ ಬಿಡಿಸುತ್ತ ಮುಂದೆ, ಅಂದರೆ ನಮ್ಮ ಹಿಂದೆ. ಬೀಗರ ಬಿಳಿ ಕಾರು ನಮ್ಮ ಹಿಂದೆ, ಅಂದರೆ ನಮ್ಮ ಮುಂದೆ. ಎರಡು ಕಾರುಗಳ ಮೂತಿ ಎದುರುಬದುರು, ಜಗಳಕ್ಕೆ ನಿಂತ ಟಗರುಗಳ ಹಾಗೆ. ಆದರೆ ಆ ಓಟ! ಬಷೀರನ ಕೈಗೆ ಬಂಗಾರದ ಬಳೆ ಹಾಕಬೇಕು. ಊಳಿಲ್ಲ, ಗಡಗಡ ಇಲ್ಲ. ನೀಲಗಿರಿ ಎಲೆಗಳ ಸದ್ದು ಕೇಳಿಸುತ್ತಿತ್ತು.

ಹಿಂದಕ್ಕೆ ಓಡಿಸುವವನು ಕತ್ತು ತಿರುಗಿಸಿ ಕೂರಲೇಬೇಕು. ಹಿಂದಿನ ಗಾಜಿಗೂ ನನಗೂ ನಡುವೆ, ಪಿಳ್ಳಮ್ಮನ ಪಕ್ಕ ಭಾಗ್ಯ, ಭಾಗ್ಯಳ ಮಡಿಲಲ್ಲಿ ನನ್ನ ಮೊಮ್ಮಗಳು. ನಾನು ದಾರಿ ನೋಡುತ್ತಿದ್ದೆ, ಅವಳು ನನ್ನನ್ನು ನೋಡುತ್ತಿದ್ದಳು. ಬೆವರು ಸುರಿಯುತ್ತಿದ್ದ, ಒಂದು ಕಣ್ಣು ಮುಚ್ಚಿ ಹಲ್ಲು ಕಚ್ಚಿದ ಈ ಮುದಿ ಮುಖವನ್ನು ನೋಡಿ ಏನನ್ನಿಸಿತೋ, ಒಮ್ಮೆಲೇ ಕಿಲಕಿಲ ನಕ್ಕಳು. ಸದ್ದು ಮಾಡಿ ನಕ್ಕದ್ದು ಅದೇ ಮೊದಲು ಎಂದು ಅವಳ ತಾಯಿಯೇ ಹೇಳಿದಳು! ಹೊಸ ಕಾರಿನ ಬೀಗರಿಗೆ ಸಿಕ್ಕಿತೇ ಆ ನಗು?

"ನಗಾಡಿದ್ದು ಸಾಕು, ದಾರಿ ನೋಡ್ರೀ, ದಾರಿ!" ಎಂದು ಪಿಳ್ಳಮ್ಮ ಕೂಗಿದಳು.

ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕಾರು ಹಿಂಬದಿ ಮುಂದಾಗಿ ನಮ್ಮ ಅಂಗಳ ಹೊಕ್ಕಿತು. ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರು ಗಲಿಬಿಲಿಯಲ್ಲಿ ಮೊದಲ ಆರತಿಯನ್ನು ಡಿಕ್ಕಿಗೇ ಬೆಳಗಿದರು. ಮೊಮ್ಮಗಳು ಹೊಸ್ತಿಲು ದಾಟಿದಾಗ ರಾಹುಕಾಲಕ್ಕೆ ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು.

ಸೋಮವಾರ ಬಷೀರ್ ಬಂದು ಕಾರಿನಡಿ ತೂರಿದ. ಬಹಳ ಹೊತ್ತು ಈಚೆ ಬರಲಿಲ್ಲ. ಅವನ ಕಾಲುಗಳು ಮಾತ್ರ ಅಲುಗಾಡುತ್ತಿದ್ದವು. ನಗುತ್ತಿದ್ದ.

"ಯಜಮಾನ್ರೇ, ಗುಂಡು ತಲೆಕೆಳಗು ಕೂರಿಸಿದೀರ! ಅದಕ್ಕೇ ಎಲ್ಲಾ ಉಲ್ಟಾ ತಿರುಗ್ತಿದೆ."

"ಸಾಧ್ಯವೇ ಇಲ್ಲ! ಕುಂಕುಮದ ಬೊಟ್ಟು ಮೇಲಕ್ಕೇ ಇತ್ತು!"

ಆಗ ಪಿಳ್ಳಮ್ಮ ಬಾಗಿಲಿಂದಲೇ ಕೇಳಿದಳು: "ಯಾವ್ ಬೊಟ್ಟು? ನಾನ್ ಪೂಜೇಲಿ ಇಟ್ಟಿದ್ದಾ?"

ನಾನು ಗೇರ್ ಆಯಿಲ್ ತರಲು ಹೋಗಿದ್ದಾಗ, ಹೊಸ ಕಬ್ಬಿಣವನ್ನು ಪೂಜೆಯಿಲ್ಲದೆ ಗಾಡಿಗೆ ಹಾಕಬಾರದೆಂದು ಅವಳು ಗುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದಿದ್ದಳು. ನನ್ನ ಬೊಟ್ಟೂ ಹೋಯಿತು, ಬಷೀರನ ಗೀಟೂ ಹೋಯಿತು. ಒರೆಸಿ ಮಣೆಯ ಮೇಲಿಟ್ಟಾಗ ಯಾವ ಕಡೆ ಮೇಲೆ ಬಂತೋ ಅದಕ್ಕೆ ಬೊಟ್ಟಿಟ್ಟು ಕೈಮುಗಿದಿದ್ದಳು.

"ತೊಳಿಯೋ ಮೊದಲು ನನ್ನನ್ ಕೇಳ್ಬೇಕಿತ್ತು!" ಎಂದು ಗುಡುಗಿದೆ.

"ಗುರುತಿಗೆ ಯಾರಾದ್ರೂ ಕುಂಕುಮ ಇಡ್ತಾರಾ? ಮನೇಲಿ ಕುಂಕುಮ ಇರೋ ಕಡೆಗೆಲ್ಲಾ ನಾನ್ ಪೂಜೆನೇ ಮಾಡೋದು!"

ಬಷೀರ್ ಅವಳ ಪರ ತಲೆಯಾಡಿಸಿದ. ನನ್ನ ಜಗುಲಿಯಲ್ಲಿ ಎಂಟು ದಿನ ನನ್ನ ಕಾಫಿ ಕುಡಿದವನು!

ಸಂಜೆಯೊಳಗೆ ಗುಂಡು ಸರಿಯಾಗಿ ಕೂತಿತು. ಮುಂದಕ್ಕೆ ನಾಲ್ಕು ಗೇರು, ಹಿಂದಕ್ಕೆ ಒಂದು, ಲೋಕದ ಎಲ್ಲ ಕಾರುಗಳ ಹಾಗೆ. ಹೆಮ್ಮೆಯಿಂದ ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು, ಎದೆಯುಬ್ಬಿಸಿ ಮುಂದೆ ನೋಡುತ್ತ ಹೊರಟೆ. ಗೇಟು ದಾಟಿರಲಿಲ್ಲ, ಮಗು ಕಿಟಾರನೆ ಕಿರುಚಿ ಅಳತೊಡಗಿತು. ಆಟಿಕೆ ಅಲ್ಲಾಡಿಸಿದೆವು, ನಿಲ್ಲಲಿಲ್ಲ. ಹಾಲು ಕೊಟ್ಟರು, ನಿಲ್ಲಲಿಲ್ಲ.

"ಮಾವ, ಅವ್ಳಿಗೆ ನಿಮ್ ಮುಖ ಕಾಣ್ತಿಲ್ಲ" ಎಂದಳು ಭಾಗ್ಯ.

ಕತ್ತು ತಿರುಗಿಸಿ ರಿವರ್ಸ್ ಹಾಕಿದೆ. ನಗು!

ಈಗ ದಿನವೂ ಸಂಜೆ ನಮ್ಮ ಅಂಗಳದಲ್ಲಿ ಹತ್ತು ಸುತ್ತು, ಎಲ್ಲವೂ ಹಿಂದಕ್ಕೆ. ಮೂರು ಭಾನುವಾರ ಗುಜರಿ ಅಲೆದು, ಎಂಟು ದಿನ ಕೂತು, ನಾಲ್ಕು ಗೇರಿನ ಓಟ ಹೆಚ್ಚಿಸಿಕೊಂಡವನು ಬಳಸುತ್ತಿರುವುದು ರಿವರ್ಸ್ ಒಂದನ್ನೇ. ಮೊನ್ನೆ ಬಷೀರ್ ನೋಡಿ, "ಹೀಗೇ ಆದ್ರೆ ಆ ಗೇರೂ ಸವೆಯುತ್ತೆ ಯಜಮಾನ್ರೇ. ಗುಂಡು ಮತ್ತೆ ತಲೆಕೆಳಗು ಮಾಡಿಕೊಡ್ಲಾ?" ಎಂದ. ಕೆಂಡಾಮಂಡಲ ಸಿಟ್ಟು ಬಂತು. ಮುಖದ ಮೇಲೆ ಹೊಡೆದ ಹಾಗೆ ಬೈದು ಕಳಿಸಿದೆ.

ಆಮೇಲೆ ಒಳಗೆ ಹೋಗಿ, ಆ ಎಂಟು ನಟ್ಟಿಗೆ ಯಾವ ಸ್ಪ್ಯಾನರ್ ಹಿಡಿಯುತ್ತದೆ ಎಂದು ಹುಡುಕಿ ತೆಗೆದಿಟ್ಟುಕೊಂಡೆ.