ಹನ್ನೊಂದನೇ ನಿಯಮ ಮತ್ತು ಎರಡು ಬನ್ಸ್

ಉಮಾಕಾಂತ ಹೋದ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಹೃದಯಾಘಾತ. ಐವತ್ತೊಂದು ವರ್ಷ.

ಗುಜರಾತಿನ ಈ ಗೋರ್ವಾದ ಕನ್ನಡದವರೆಲ್ಲ ಬಂದು ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ. "ನಿಮ್ಮಿಬ್ಬರದ್ದು ಎಂಥಾ ಸ್ನೇಹ!" ಎನ್ನುತ್ತಾರೆ. ಹೌದು, ಇಪ್ಪತ್ತೆರಡು ವರ್ಷದ ಸ್ನೇಹ. ಆದರೆ ಅದರಲ್ಲಿ ಇಪ್ಪತ್ತೊಂದು ವರ್ಷ ನಾನು ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಮೊದಲ ವರ್ಷ ಅವನ ಪರಿಚಯ ಸರಿಯಾಗಿ ಆಗಿರಲಿಲ್ಲ!

ಅವನು ಇಲ್ಲಿನ ಪಂಪ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅದರ ಎದುರಿಗೆ ನನ್ನ ಉಡುಪಿ ಹೋಟೆಲು. ನನ್ನ ಹೋಟೆಲಿನ ಮಸಾಲೆದೋಸೆ ದಿನಾ ತಿಂದು ಅವನು ಸಪೂರವಾಗಿಯೇ ಇದ್ದ. ಅವನು ತಿನ್ನುವುದನ್ನು ನೋಡುತ್ತ ಗಲ್ಲಾದ ಮೇಲೆ ಕೂತ ನಾನು ದಪ್ಪಗಾದೆ. ಇದು ಯಾವ ನ್ಯಾಯ?

"ಉಮಾಕಾಂತಣ್ಣನನ್ನು ನೋಡಿ," ಎನ್ನುತ್ತಿದ್ದಳು ನನ್ನ ಹೆಂಡತಿ ಸುಮತಿ. "ದಿನಾ ನಲವತ್ತು ಕಿಲೋಮೀಟರ್ ಸೈಕಲ್ ಹೊಡೀತಾರೆ. ನಿಮಗೆ ಗಲ್ಲಾದಿಂದ ಇಳಿಯಲಿಕ್ಕೆ ಒಬ್ಬರು ಕೈ ಕೊಡಬೇಕು."

ಇಂಥ ಮಾತನ್ನು ಗಂಡಸು ಎಷ್ಟು ವರ್ಷ ಸಹಿಸಬಹುದು? ಜನವರಿಯಲ್ಲಿ ಒಂದು ದಿನ ಎದ್ದು ನಿಂತು, ಯಾರ ಕೈಯನ್ನೂ ಹಿಡಿಯದೆ, ಘೋಷಿಸಿದೆ: "ಸುಮತಿ! ಈ ಸಲದ ಗುಡ್ಡದ ಸೈಕಲ್ ರೇಸಿನಲ್ಲಿ ನಾನು ಉಮಾಕಾಂತನಿಗಿಂತ ಮುಂದೆ ಬರ್ತೇನೆ. ಒಂದೇ ಒಂದು ಸ್ಥಾನ ಮುಂದೆ ಬಂದರೂ ಸಾಕು!"

"ಅವರು ಹೆಸರು ಕೊಡದಿದ್ದರೆ ಆಗಬಹುದು," ಎಂದಳು.

ಪಾವಗಢದ ಆಚೆ ಕಲ್ಲುಗುಡ್ಡಗಳಲ್ಲಿ ನಡೆಯುವ ಆರು ಗಂಟೆಗಳ ರೇಸ್ ಅದು. ಒಂದು ಸುತ್ತು ಎಂಟು ಕಿಲೋಮೀಟರ್. ಹೆಚ್ಚು ಸುತ್ತು ಹಾಕಿದವನು ಮುಂದೆ; ಸುತ್ತು ಸಮವಾದರೆ ಮೊದಲು ಮುಗಿಸಿದವನು ಮುಂದೆ. ಸೂರತ್‌ನಿಂದ ಸೈಕಲ್ ತರಿಸಿದೆ. ಅದಕ್ಕಿಂತ ಮುಖ್ಯವಾಗಿ, ನಿಯಮಾವಳಿ ತರಿಸಿದೆ. ಕಾಲಿನಲ್ಲಿ ಅವನನ್ನು ಸೋಲಿಸಲು ಆಗದಿದ್ದರೆ ಕಾನೂನಿನಲ್ಲಿ ಸೋಲಿಸಬಹುದಲ್ಲ!

ಹತ್ತೊಂಬತ್ತು ಪುಟ. ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಲೇ ಬಾಯಿಪಾಠ ಮಾಡಿದೆ. ಸವಾರ ಸದಾ ಒಂದು ಸೀಟಿ ಇಟ್ಟುಕೊಂಡಿರಬೇಕು. ಅಭ್ಯಾಸವಾಗಲೆಂದು ಗಲ್ಲಾದಲ್ಲಿ ಕೊರಳಿಗೆ ಹಾಕಿಕೊಂಡು ಕೂತೆ. ಒಮ್ಮೆ ಊದಿ ನೋಡಿದೆ, ಮೂವರು ಸಪ್ಲೈಯರ್‌ಗಳು ತಟ್ಟೆ ಬಿಟ್ಟು ಓಡಿಬಂದರು! ಹಿಂದಿನಿಂದ ದಾಟುವವನು ಯಾವ ಬದಿಯಿಂದ ಬರುತ್ತಿದ್ದೇನೆಂದು ಮೊದಲು ಕೂಗಬೇಕು. ಈ ನಿಯಮವನ್ನು ನನ್ನ ವಿಷಯದಲ್ಲಿ ಬೇರೆಯವರು ಪಾಲಿಸಿದರೆ ಸಾಕಿತ್ತು. ಸೈಕಲ್ ತಳ್ಳಿಕೊಂಡು ಹೋಗುವಾಗಲೂ ಹೆಲ್ಮೆಟ್ ತೆಗೆಯುವಂತಿಲ್ಲ. ಇದು ನನಗಾಗಿಯೇ ಬರೆದ ನಿಯಮ. ಪ್ರತಿ ಸವಾರನಿಗೆ ಒಬ್ಬ ಸಹಾಯಕ ಇರಬಹುದು. ಅರ್ಜಿಯಲ್ಲಿ ಸುಮತಿಯ ಹೆಸರು ಬರೆದೆ. ಮತ್ತೆ ಹನ್ನೊಂದನೇ ನಿಯಮ: ಊಟೋಪಚಾರದ ಟೆಂಟಿನ ಹೊರಗೆ ಸವಾರನಿಗೆ ಯಾರೂ ತಿಂಡಿ ಕೊಡುವಂತಿಲ್ಲ, ಕೊಟ್ಟರೆ ಒಂದು ಸುತ್ತು ಕಡಿತ. ಇಲ್ಲಿಗೆ ಪುಟ ಮುಗಿದಿತ್ತು. ಒಬ್ಬ ಗಿರಾಕಿ ಐನೂರರ ನೋಟು ಹಿಡಿದು ನಿಂತಿದ್ದ. ನಾನು ಪುಸ್ತಕ ಮಡಚಿದೆ.

ರೇಸಿನ ಭಾನುವಾರ ಬೆಳಿಗ್ಗೆ ಉಮಾಕಾಂತನೇ ನನ್ನ ಸೈಕಲಿಗೆ ಗಾಳಿ ತುಂಬಿದ. ನನ್ನ ಬೆನ್ನಿಗೆ ಅರವತ್ತಮೂರನೇ ನಂಬರಿನ ಚೀಟಿಯನ್ನೂ ಚುಚ್ಚಿದ. ಅದನ್ನಾದರೂ ಸೊಟ್ಟಗೆ ಚುಚ್ಚಬಾರದಿತ್ತೇ? ಅದೂ ಇಲ್ಲ, ನೆಟ್ಟಗೆ! ಸುಮತಿ ಸ್ಟೀಲ್ ಡಬ್ಬಿ ತೆರೆದು ಬಾಳೆಹಣ್ಣಿನ ಬನ್ಸ್ ಮುಂದೆ ಹಿಡಿದಳು.

"ಸುಮತಿ, ಅಥ್ಲೀಟುಗಳು ಕರಿದದ್ದು ಮುಟ್ಟುವುದಿಲ್ಲ," ಎಂದೆ.

"ಓಹೋ! ಯಾವಾಗಿನಿಂದ?"

"ಇವತ್ತು ಆರು ಗಂಟೆಯಿಂದ."

ಮೂರು ಸುತ್ತು ಹೇಗೋ ಮುಗಿಯಿತು. ನಾಲ್ಕನೆಯದರಲ್ಲಿ ಸೈಕಲ್ ತಳ್ಳಿಕೊಂಡು, ಹೆಲ್ಮೆಟ್ ಹಾಕಿಕೊಂಡೇ, ಏರು ಹತ್ತುತ್ತಿದ್ದೆ. ತಲೆಯೆತ್ತಿದರೆ ಮೇಲಿನ ತಿರುವಿನಲ್ಲಿ, ಟೆಂಟಿನಿಂದ ನೂರಿನ್ನೂರು ಹೆಜ್ಜೆ ಹೊರಗೆ, ಸುಮತಿ ನಿಂತಿದ್ದಾಳೆ.

"ಓ ಉಮಾಕಾಂತಣ್ಣ! ಬೆಳಿಗ್ಗೆಯಿಂದ ಹೊಟ್ಟೆಗೆ ಎಂತ ಉಂಟು? ನಿಲ್ಲಿ ಒಂದು ನಿಮಿಷ!"

ನಲವತ್ತು ವರ್ಷ ಹೋಟೆಲಿನವರ ಮನೆಯಲ್ಲೇ ಬದುಕಿದವಳು. ಹಸಿದ ಮುಖ ಕಂಡರೆ ಅವಳ ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಅವನು ಒಂದು ಕಾಲು ನೆಲಕ್ಕೂರಿ ಬನ್ಸ್ ತಿಂದ. ನೋಡನೋಡುತ್ತಿದ್ದಂತೆ ಎರಡನೆಯದೂ ಹೋಯಿತು!

ನನ್ನ ಹೆಂಡತಿ, ನನ್ನ ಡಬ್ಬಿ, ನನ್ನ ಹೋಟೆಲಿನ ಬನ್ಸ್, ತಿನ್ನುವವನು ಅವನು! ಎದೆ ಉರಿಯಿತು. ಮರುಕ್ಷಣ ಅದೇ ಎದೆ ಕುಣಿಯಿತು. ಹನ್ನೊಂದನೇ ನಿಯಮ!

ಆರು ಗಂಟೆ ಮುಗಿದಾಗ ಇಬ್ಬರದೂ ಐದೈದು ಸುತ್ತು. ಅವನು ನನಗಿಂತ ಒಂಬತ್ತು ನಿಮಿಷ ಮೊದಲು ಮುಗಿಸಿದ್ದ. ಅವನು ನಲವತ್ತನೆಯವನು, ನಾನು ನಲವತ್ತೊಂದನೆಯವನು. ಒಂದು ಸುತ್ತು ಕಡಿತವಾದರೆ ಸಾಕು! ಮುಖದಲ್ಲಿ ಧರ್ಮಸಂಕಟ ತಂದುಕೊಂಡು ರೆಫರಿ ಯಶವಂತ್‌ಭಾಯಿಯ ಮೇಜಿಗೆ ನಡೆದೆ.

"ಸಾಹೇಬ್, ನಿಯಮ ಅಂದರೆ ಎಲ್ಲರಿಗೂ ಒಂದೇ ಅಲ್ವಾ? ಸ್ನೇಹಿತನಾದರೂ?"

"ಬಿಲ್ಕುಲ್! ಬರೆದುಕೊಡಿ," ಎಂದು ಅವರು ಕಾಗದ ಸರಿಸಿದರು.

ಬರೆದುಕೊಟ್ಟೆ. ಸಹಿಯನ್ನು ದೊಡ್ಡದಾಗಿಯೇ ಹಾಕಿದೆ.

"ತಿಂಡಿ ಕೊಟ್ಟದ್ದು ಯಾರು?"

"ನನ್ನ ಹೆಂಡತಿ, ಸಾಹೇಬ್," ಎಂದೆ, ಸತ್ಯಕ್ಕಾಗಿ ಹೆಂಡತಿಯನ್ನೂ ಬಿಟ್ಟುಕೊಡುವ ಮಹಾಪುರುಷನ ಗತ್ತಿನಲ್ಲಿ.

"ಅವರು ಯಾರ ಸಹಾಯಕಿ?"

"ನನ್ನವಳೇ. ಅರ್ಜಿಯಲ್ಲಿ ನಾನೇ ಬರೆದಿದ್ದೇನಲ್ಲ!"

ಯಶವಂತ್‌ಭಾಯಿ ನಿಯಮಾವಳಿ ತೆಗೆದರು. ಪುಟ ತಿರುಗಿಸಿದರು. ನಾನು ತಿರುಗಿಸದೆ ಬಿಟ್ಟ ಪುಟ. "ತಿಂಡಿ ಕೊಟ್ಟ ಸಹಾಯಕರು ಯಾವ ಸವಾರನ ಹೆಸರಿನಲ್ಲಿ ದಾಖಲಾಗಿದ್ದಾರೋ, ಕಡಿತ ಆ ಸವಾರನಿಗೆ." ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಅರವತ್ತಮೂರನೇ ನಂಬರ್ ನೀವೇ ಅಲ್ವಾ, ಜನಾರ್ದನ್‌ಭಾಯ್?"

"ಸಾಹೇಬ್, ಆ ಕಾಗದ ವಾಪಸ್..."

"ಸಹಿ ಆಗಿದೆ, ಭಾಯ್. ನಿಯಮ ಎಲ್ಲರಿಗೂ ಒಂದೇ."

ನಲವತ್ತೊಂದರಿಂದ ಐವತ್ತೆಂಟಕ್ಕೆ ಇಳಿದೆ! ಗುಡ್ಡದಲ್ಲಿ ಎಲ್ಲೂ ಅಷ್ಟು ವೇಗವಾಗಿ ಇಳಿದಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಸುಮತಿ ಸುಮ್ಮನಿರಲಿಲ್ಲ. "ಎರಡು ಬನ್ಸಿಗೆ ದೂರು ಕೊಟ್ಟವರು ಇಡೀ ಗುಜರಾತಿನಲ್ಲಿ ನೀವೊಬ್ಬರೇ!"

ಹಿಂದಿನ ಸೀಟಿನಲ್ಲಿದ್ದ ಉಮಾಕಾಂತ ಮುಂದಕ್ಕೆ ಬಾಗಿದ. "ನನ್ನ ಮೇಲೆ ದೂರು ಕೊಟ್ಟದ್ದಾ, ಮಾರಾಯ?"

"ಹೌದು."

"ಬರೆದು?"

"ಸಹಿ ಮಾಡಿ."

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ದಾರಿಯ ಹಾಲೋಲ್ ಊರು ದಾಟಿದರೂ ನಗು ನಿಲ್ಲಲಿಲ್ಲ. ಹಾಗೆ ನಗಲು ನನಗೆ ಯಾವತ್ತೂ ಬಂದಿಲ್ಲ. ಅದಕ್ಕೂ ಹೊಟ್ಟೆಕಿಚ್ಚಾಯಿತು.

ಸೋಮವಾರ ಎಂದಿನಂತೆ ಕಾಫಿಗೆ ಬಂದ. "ಇನ್ನೂ ಸಿಟ್ಟಾ?" ಎಂದು ಕೇಳಿದ. ನಾನು ಪೇಪರಿನ ಪುಟ ತಿರುಗಿಸಿದೆ. ಅವನು ಕಾಫಿ ಕುಡಿದು, ಸುಮತಿಗೆ ಕೈಬೀಸಿ, ಕಾರ್ಖಾನೆಗೆ ಹೋದ. ನಾನು ಅವನೊಂದಿಗೆ ಆಡದೆ ಉಳಿದ ಕೊನೆಯ ಮಾತು ಅದು. ಮರುದಿನ ಅವನಿರಲಿಲ್ಲ.

ಶುಕ್ರವಾರ ರೇಸಿನವರ ಇಮೇಲ್ ಬಂತು: ಪರಿಷ್ಕೃತ ಫಲಿತಾಂಶ. ಸವಾರ ಅರವತ್ತಮೂರು, ಜನಾರ್ದನ, ಐದು ಸುತ್ತು, ನಲವತ್ತನೇ ಸ್ಥಾನ. ಸವಾರ ಅರವತ್ತೆರಡು, ಉಮಾಕಾಂತ, ನಾಲ್ಕು ಸುತ್ತು, ಐವತ್ತೆಂಟನೇ ಸ್ಥಾನ. ಕೇಳಿದ್ದು ಒಂದು ಸ್ಥಾನ, ಸಿಕ್ಕಿದ್ದು ಹದಿನೆಂಟು! ಗಲ್ಲಾದ ಮೇಲೆ ಕೂತಿದ್ದವನು ಎದ್ದು ಅಡುಗೆಮನೆಗೆ ಹೋದೆ. ಈರುಳ್ಳಿ ಹೆಚ್ಚುವವನ ಪಕ್ಕ ನಿಂತರೆ ಯಾರೂ ಏನೂ ಕೇಳುವುದಿಲ್ಲ.

ಕಡಿತ ಬದಲಾದ ಕಾರಣವೆಂದು ಒಂದು ಪತ್ರ ಲಗತ್ತಿಸಿದ್ದರು. ಉಮಾಕಾಂತ ಬರೆದದ್ದು. "ಆ ಹೆಂಗಸು ತಾನಾಗಿ ಕೊಡಲಿಲ್ಲ. ಟೆಂಟಿನೊಳಗಿದ್ದವರನ್ನು ನಾನೇ ಹೊರಗೆ ಕರೆದು, ಕೇಳಿ ತಿಂದೆ. ತಪ್ಪು ನನ್ನದು, ಸುತ್ತು ನನ್ನದೇ ಕಡಿಯಬೇಕು. ದೂರು ಕೊಟ್ಟವರ ಲೆಕ್ಕವೂ ಸರಿಯಿಲ್ಲ. ಬನ್ಸ್ ಎರಡಲ್ಲ, ಮೂರು." ಇಪ್ಪತ್ತೆರಡು ವರ್ಷದಲ್ಲಿ ಅವನು ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ.

ಆ ಪತ್ರವಿದ್ದ ಫೋನ್ ಹಿಡಿದುಕೊಂಡು ಅವನ ಮನೆಗೆ ಹೋದೆ. ಅವನ ಹೆಂಡತಿ ಮಂದಾಕಿನಿ ಓದಿ, ತುಂಬ ಹೊತ್ತು ಫೋನ್ ಹಿಂದಕ್ಕೆ ಕೊಡಲಿಲ್ಲ.

"ಮಂಗಳವಾರ ಬೆಳಿಗ್ಗೆ ಬರೆದದ್ದು, ಜನಾರ್ದನಣ್ಣ," ಎಂದರು. "ಆಕ್ಷೇಪಣೆಗೆ ಇವತ್ತೇ ಕೊನೆಯ ದಿನ ಅಂತ ಸೈಕಲ್ ತುಳಿಯಲಿಕ್ಕೂ ಹೋಗಲಿಲ್ಲ. ಒಂದು ಬೆರಳಲ್ಲಿ ಕುಟ್ಟುತ್ತಾ, ಒಬ್ಬರೇ ನಗುತ್ತಿದ್ದರು. ಯಾರ ಮೇಲೆ ಆಕ್ಷೇಪಣೆ ಅಂತ ಕೇಳಿದೆ. ನನ್ನ ಮೇಲೆಯೇ ಅಂದರು."

ಏಳೂ ಹತ್ತಕ್ಕೆ ಪತ್ರ ಕಳಿಸಿದನಂತೆ. ಫೋನನ್ನು ಮೇಜಿನ ಮೇಲಿಟ್ಟ. "ಜನಾರ್ದನನಲ್ಲಿ ಕಾಫಿ ಕುಡಿದು ಬರ್ತೇನೆ, ಇವತ್ತು ಮಾತಾಡದೆ ಎಲ್ಲಿ ಹೋಗ್ತಾನೆ ನೋಡುವಾ," ಎಂದ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಬಲಗಾಲಿನ ಚಪ್ಪಲಿ ಹಾಕಿಕೊಂಡ. ಎಡಗಾಲಿನದು ಹಾಗೆಯೇ ಉಳಿಯಿತು.