ದಿಂಬಿನ ಹೊಟ್ಟೆ ತುಂಬಿಸಿದೆ

ಒಂದು ಗೇಣು ಮಖಮಲ್ಲು, ನಾಲ್ಕು ಬಣ್ಣದ ರೇಷ್ಮೆ ದಾರ, ಒಂದು ಹಿಡಿ ಹತ್ತಿ. ಇಷ್ಟರಲ್ಲಿ ಒಂದು ಉಂಗುರದ ದಿಂಬು ಮಾಡುವುದೇನು ದೊಡ್ಡ ಮಾತು! ಆರಡಿ ಕೌದಿ ಹೊಲಿದ ಕೈ ಇದು.

ಕಮಲಾಪುರದಲ್ಲಿರುವ ನನ್ನ ನಾದಿನಿ ನೀಲಮ್ಮನ ಮಗಳು ಸವಿತಾಳ ಮದುವೆ. ಹಿಂದಿನ ಸಂಜೆ ವೇದಿಕೆಯ ಮೇಲೆ ಹುಡುಗ ಹುಡುಗಿ ಉಂಗುರ ಬದಲಿಸುವ ಪದ್ಧತಿ ಈಗ ನಮ್ಮ ಕಡೆಗೂ ಬಂದಿದೆ. ಆ ಉಂಗುರಗಳನ್ನು ತಟ್ಟೆಯಲ್ಲಿ ಅಕ್ಕಿಯ ಮೇಲೆ ಇಟ್ಟರೆ ಸಾಕಿತ್ತು. ಆದರೆ ಸವಿತಾಳಿಗೆ ಕಸೂತಿ ಹಾಕಿದ ಪುಟ್ಟ ದಿಂಬೇ ಬೇಕಂತೆ. ನೀಲಮ್ಮ ಫೋನಿನಲ್ಲಿ, "ವೈನಿ, ಮಹಾದೇವಿ ವೈನಿಗೆ ಒಂದು ಮಾತು ಹೇಳ್ರಿ. ಆಕಿ ಕೈ ಭಾಳ ಛಲೋ ಅದ" ಎಂದಳು.

ಮಹಾದೇವಿ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಕಲಬುರಗಿಯಲ್ಲಿ ಕುಸನೂರ ರಸ್ತೆಯ ನಮ್ಮ ಮನೆಯಲ್ಲಿ ಅವಳು ಮಹಡಿಯ ಮೇಲೆ, ನಾನು ಕೆಳಗೆ. ವಯಸ್ಸಿನಲ್ಲಿ ನಾನು ಹಿರಿಯಳು, ಹೆಸರಿನಲ್ಲಿ ಅವಳು. ಹದಿನೆಂಟು ವರ್ಷಗಳಿಂದ ಮನೆಯ ಎಲ್ಲ ಕಾರ್ಯದಲ್ಲೂ ಒಂದೇ ಪ್ರಶ್ನೆ: "ಇದನ್ನ ಯಾರು ಮಾಡ್ಯಾರ?" ಒಂದೇ ಉತ್ತರ: ಮಹಾದೇವಿ. ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಮಾಡಲಿ, ಹೊಟ್ಟೆಕಿಚ್ಚೇ! ಒಂದು ಸಲ, ಒಂದೇ ಒಂದು ಸಲ, ತುಂಬಿದ ಸಭೆಯಲ್ಲಿ ಯಾರಾದರೂ ಆ ಪ್ರಶ್ನೆ ಕೇಳಬೇಕು, ಉತ್ತರ ನಾನಾಗಬೇಕು.

"ಆಕಿಗೆ ಎಲ್ಲಿ ಪುರಸೊತ್ತದ? ನಾನೇ ಮಾಡ್ತೀನಿ ತಗೋ" ಎಂದುಬಿಟ್ಟೆ. ಮಹಾದೇವಿಗೆ ಪುರಸೊತ್ತು ಇದೆಯೋ ಇಲ್ಲವೋ ಎಂದು ಕೇಳುವ ಪುರಸೊತ್ತು ನನಗಿರಲಿಲ್ಲ.

ಮಖಮಲ್ಲಿನ ಮೇಲೆ ಎರಡು ಆನೆಗಳನ್ನು ಎದುರುಬದುರು ಕಸೂತಿಯಲ್ಲಿ ತೆಗೆಯಲು ಕೂತೆ. ಮೂರನೆಯ ದಿನ ನನ್ನ ಯಜಮಾನರು ಕನ್ನಡಕ ಏರಿಸಿಕೊಂಡು ಪರಿಶೀಲನೆಗೆ ಬಂದರು.

"ಎರಡು ಕುಕ್ಕರ್ ಯಾಕ ತೆಗ್ದಿ? ಮದುವ್ಯಾಗ ಉಡುಗೊರಿ ಕೊಡ್ತಾರಂತೇನು?"

"ಅವು ಆನಿ ರೀ!"

"ಹೌದಾ? ಹಂಗಾರ ಈ ಹಿಡಿಕಿ?"

"ಅದು ಸೊಂಡಿ!"

ಅಂದಿನಿಂದ ನನಗೂ ಅವು ಇನ್ನೇನು ಸೀಟಿ ಹೊಡೆಯುವ ಹಾಗೆ ಕಾಣತೊಡಗಿದವು.

ಹತ್ತಿ ತುಂಬಿ ಕೊನೆಯ ಬಾಯಿ ಹೊಲಿಯುವಾಗ ನಮ್ಮವ್ವ ನೆನಪಾದಳು. ಹಳೆ ಸೀರೆಗಳ ಕೌದಿ ಹೊಲಿದು ಮುಗಿಸುವಾಗ ಅವ್ವ ನಡುವೆ ಹೋಳಿಗೆಯ ಚೂರು ಇಟ್ಟು ಹೊಲಿಗೆ ಹಾಕುತ್ತಿದ್ದಳು. ಕೌದಿಯ ಹೊಟ್ಟೆ ಹಸಿದಿರಬಾರದು, ಹೊದ್ದವರ ಮನೆ ತುಂಬಿರಬೇಕು ಎಂಬುದು ಅವಳ ಶಾಸ್ತ್ರ. ಹಾಗಿರುವಾಗ ಮದುವೆಯ ದಿಂಬು ಉಪವಾಸ ಇರಬಹುದೇ? ಖಂಡಿತ ಕೂಡದು! ಮಹಾದೇವಿಗೆ ಇಂಥ ಸೂಕ್ಷ್ಮ ಎಲ್ಲಿ ಹೊಳೆಯಬೇಕು! ಅವ್ವ ಇಡುತ್ತಿದ್ದದ್ದು ಉಗುರಿನಷ್ಟು ಚೂರು. ನಾನು ಅರ್ಧ ಹೋಳಿಗೆ ಇಟ್ಟೆ, ಹೂರಣ ಹೆಚ್ಚಿದ್ದದ್ದನ್ನೇ ಆರಿಸಿ.

ಇನ್ನು ದಿಂಬು ಮಹಾದೇವಿಯ ಕಣ್ಣಿಗೆ ಬಿದ್ದರೆ ಏನಾದರೊಂದು ಸಲಹೆ ಕೊಟ್ಟಾಳು, ಅರ್ಧ ಹೆಸರು ಅವಳಿಗೇ ಹೋದೀತು! ಆದ್ದರಿಂದ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಬೆಲ್ಲದ ಡಬ್ಬಿಯ ಹಿಂದೆ ಎರಡು ದಿನ ಅಡಗಿಸಿಟ್ಟೆ. ಅಲ್ಲಿ ಯಾರೂ ನೋಡುವುದಿಲ್ಲ ಎಂದುಕೊಂಡೆ. ನೋಡುವವರು ನೋಡಿದ್ದರು.

ಕಮಲಾಪುರಕ್ಕೆ ಹೋಗುವಾಗ ಅದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡೆ, ವೇದಿಕೆ ಹತ್ತುವ ತನಕ ಮುಚ್ಚಳ ತೆಗೆಯಲಿಲ್ಲ. ಉಂಗುರ ಎರಡನ್ನೂ ದಿಂಬಿನ ಮೇಲಿಟ್ಟು ಎಲ್ಲರಿಗೂ ಕಾಣಲೆಂದು ಎತ್ತಿ ಹಿಡಿದೆ. ವರ ಉಂಗುರಕ್ಕೆ ಕೈ ಹಾಕಿದ. ಆಗ ಆನೆಯ ಸೊಂಡಿಲ ಸಂದಿಯಿಂದ ಒಂದು ಕೆಂಪಿರುವೆ ಹೊರಬಂದು ಉಂಗುರದೊಳಗೆ ಇಣುಕಿತು. ಅದರ ಹಿಂದೆ ಅದರ ಬಂಧುಬಳಗ.

"ಯವ್ವಾ!" ಎಂದು ವರ ಕೈ ಝಾಡಿಸಿದ. ಉಂಗುರ ಹಾರಿ ಅವನ ತಾಯಿಯ ಉಡಿಯಲ್ಲಿ ಬಿತ್ತು. ಆಕೆ ಉಂಗುರ ಹಿಡಿದು ಎದ್ದು ನಿಂತು, ಎದುರಿಗೆ ಮೈಕ್ ಇರುವುದನ್ನೂ ಮರೆತು ಕೇಳಿದರು: "ಇದನ್ನ ಯಾರು ಮಾಡ್ಯಾರ್ರೀ?"

ಹದಿನೆಂಟು ವರ್ಷ ಕಾದ ಪ್ರಶ್ನೆ! ಅದೂ ನಾಲ್ಕು ಸ್ಪೀಕರಿನಲ್ಲಿ! ನಾನು ಮಹಾದೇವಿಯ ಕಡೆ ನೋಡಿದೆ. ನಿಜ ಹೇಳುತ್ತೇನೆ, ಈ ಸಲವೂ ಯಾರಾದರೂ ಅವಳ ಹೆಸರನ್ನೇ ಹೇಳಲಿ ಎಂದು ದೇವರನ್ನು ಬೇಡಿಕೊಂಡೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ, ಈ ತನಕ ನನ್ನ ಸಾರನ್ನೂ ಹೊಗಳದ ನನ್ನ ಯಜಮಾನರು ಎದೆಯುಬ್ಬಿಸಿ ಎದ್ದರು.

"ನಮ್ಮಾಕಿ ರೀ! ಒಬ್ಬಾಕಿನೇ ಕುಂತು ಮಾಡ್ಯಾಳ!"

ಮಹಾದೇವಿ ಸರಸರನೆ ವೇದಿಕೆ ಹತ್ತಿ ಬಂದಳು. "ಅಕ್ಕಾ, ದಿಂಬು ನೀವು ಆ ಕಡೆ ಒಯ್ರಿ. ಉಂಗುರ ಇಲ್ಲಿ ಇಡ್ರಿ" ಎಂದು ತನ್ನ ಸೆರಗನ್ನು ಎರಡೂ ಅಂಗೈ ಮೇಲೆ ಹಾಸಿ ಒಡ್ಡಿದಳು. ಸೆರಗಿನ ತುಂಬ ಅವಳದೇ ಕಸೂತಿ. ಅದರಲ್ಲೂ ಆನೆಗಳಿದ್ದವು. ಆನೆಗಳ ಹಾಗೆಯೇ ಇದ್ದವು.

ಆಮೇಲೆ ನನ್ನ ಕಿವಿಯಲ್ಲಿ ಮೆಲ್ಲಗೆ ಅಂದಳು: "ಹೊಟ್ಟಿ ತುಂಬಿಸಿದ್ರಿ, ಹೌದಿಲ್ಲೋ ಅಕ್ಕಾ? ನಮ್ಮವ್ವನೂ ಹಂಗೇ ಮಾಡ್ತಿದ್ಲು. ಆದ್ರ ಹೋಳಗಿ ಬಿಸಲಾಗ ಒಣಗಿಸಿ ಇಡ್ತಿದ್ಲು."

ಆ ಶಾಸ್ತ್ರವೂ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು!

ಈಗ ಸವಿತಾಳ ಮನೆಯ ಗೋಡೆಯ ಮೇಲೆ ಉಂಗುರ ಬದಲಿಸಿದ ಆ ಹೊತ್ತಿನ ಫೋಟೋ ದೊಡ್ಡದಾಗಿ ತೂಗುತ್ತಿದೆ. ಬಂದವರೆಲ್ಲ ಉಂಗುರ ಹೊತ್ತ ಸೆರಗನ್ನು ತೋರಿಸಿ, "ಇದನ್ನ ಯಾರು ಮಾಡ್ಯಾರ?" ಎಂದು ಕೇಳುತ್ತಾರಂತೆ. ಫೋಟೋದಲ್ಲಿ ನಾನೂ ಇದ್ದೇನೆ. ಹಿಂದೆ, ಮೂಲೆಯಲ್ಲಿ, ಕುಕ್ಕರಿನ ದಿಂಬನ್ನು ಕಂಬಕ್ಕೆ ಬಡಿಯುತ್ತಿರುವವಳು ನಾನೇ.