ಕೊಲೆಗಡುಕ ಹುಂಜದ ಚೊಚ್ಚಲ ಚಿತ್ರ

ಕೊಲೆಗಡುಕ ಪ್ರಾಣಿಗಳ ಸಿನಿಮಾದ ವಿಷಯದಲ್ಲಿ ನಮ್ಮ ಮಸಾಕ ಊರಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವೇ ಇರಬಹುದು, ಸುಳ್ಳಂತೂ ಅಲ್ಲ. ವಿಡಿಯೋ ಮಂದಿರದಲ್ಲಿ ಪರದೆಯ ಪಕ್ಕ ಕೂತು, ಪರದೇಶದ ಸಿನಿಮಾವನ್ನು ಮೈಕಿನಲ್ಲಿ ನಮ್ಮ ಲುಗಾಂಡ ಮಾತಿಗೆ ಇಳಿಸುವುದು ನನ್ನ ಕಸುಬು. ದುಡ್ಡು ಸುರಿದು ತೆಗೆದ ಚಿತ್ರದಲ್ಲಿ ನನಗೆ ಕೆಲಸವೇ ಇರುವುದಿಲ್ಲ; ಅಲ್ಲಿ ಶಾರ್ಕು ತಾನೇ ಹೆದರಿಸುತ್ತದೆ. ಅಗ್ಗದ್ದರಲ್ಲಿ ಮೊಸಳೆಯ ಹೊಟ್ಟೆಯ ಜಿಪ್ಪು ಕಾಣುತ್ತದೆ, ಹೆದರಿಸುವ ಭಾರವೆಲ್ಲ ನನ್ನ ಗಂಟಲಿನದು. ಇಂಥ ಚಿತ್ರಗಳಲ್ಲಿ ನೀರಿಗಿಳಿಯಬೇಡ ಎಂದು ಊರೆಲ್ಲ ಬಡಿದುಕೊಂಡರೂ ಯಾರೋ ಒಬ್ಬ ಮಂತ್ರಿ ಇಳಿದೇ ಇಳಿಯುತ್ತಾನೆ. ಜನ ಕಾಯುವುದೂ ಅದಕ್ಕೇ. ದೊಡ್ಡ ಮನುಷ್ಯನ ದಡ್ಡತನಕ್ಕೆ ತಕ್ಷಣ ಶಿಕ್ಷೆಯಾಗುವುದನ್ನು ಬೇರೆಲ್ಲಿ ನೋಡಬೇಕು?

ಅಂಥದ್ದೊಂದನ್ನು ನಾನೇ ತೆಗೆದು ಲೋಕವನ್ನು ನಡುಗಿಸುತ್ತೇನೆಂದು ತೀರ್ಮಾನಿಸಿದೆ. ನಾಯಕ ಹಿತ್ತಲಲ್ಲೇ ಇದ್ದ: ಕೆಂಪು ಜುಟ್ಟಿನ, ಕೊಬ್ಬಿದ ಹುಂಜ.

"ಅದನ್ನ ಮುಟ್ಟಿದ್ರೆ ನೋಡಿ," ಎಂದಳು ನಬ್ಬೋಸ.

ನಾವಿಬ್ಬರೂ ಒಂದೇ ಸೂರಿನಡಿ ಇದ್ದು ವರ್ಷಗಳಾಗಿದ್ದರೂ ಕ್ವಂಜುಲ ಶಾಸ್ತ್ರ ಆಗಿರಲಿಲ್ಲ. ಅವಳ ತವರಿಗೆ ಹೋಗಿ, ಹಿರಿಯರೆದುರು ಅವಳಣ್ಣ ವಾಲುಸಿಂಬಿಯ ಕೈಗೆ ಹುಂಜ ಕೊಟ್ಟು, ಅವನು ತೆಗೆದುಕೊಂಡರೇನೇ ಅವಳು ನನ್ನ ಹೆಂಡತಿ. ಆ ಹುಂಜವೇ ಇದು.

"ಒಂದು ಪುಕ್ಕ ಉದುರಿದ್ರೂ ಅಣ್ಣ ಮೂಗು ಮುರೀತಾನೆ ರೀ."

"ಏನೂ ಆಗಲ್ಲ ಕಣೇ. ಬರೀ ನಟನೆ."

"ನಿಮ್ಮ ಸಿನಿಮಾದಲ್ಲಿ ಮೊದಲು ಸಾಯೋನು ಹೀಗೇ ಮಾತಾಡ್ತಾನೆ."

ಅವಳು ಸಂತೆಗೆ ಹೋದೊಡನೆ ಚಿತ್ರೀಕರಣ ಶುರು. ಮರಗೆಣಸಿನಲ್ಲಿ ಕೋರೆಹಲ್ಲು ಕೆತ್ತಿ ಕೊಕ್ಕಿಗೆ ಕಟ್ಟಿದೆ. ತನ್ನ ಹಲ್ಲನ್ನು ತಾನೇ ತಿಂದು ತೇಗಿದ ರಾಕ್ಷಸನನ್ನು ನಾನು ಕಂಡದ್ದು ಅದೇ ಮೊದಲು! ಮೈಮೇಲೆ ಹಾರು ಎಂದರೆ ನಿದ್ದೆ ಹೋಗುತ್ತಿತ್ತು. ಕೊನೆಗೆ ಕಾಂಜು ಎಂಬ, ಹಬ್ಬಕ್ಕೆ ತೊಡುವ ಉದ್ದನೆಯ ಬಿಳಿ ನಿಲುವಂಗಿ ಹಾಕಿಕೊಂಡು, ಅದರ ಎದೆಗೆಲ್ಲ ಕಡಲೆಕಾಯಿ ಹಿಟ್ಟು ಮೆತ್ತಿಕೊಂಡು ನಿಂತೆ. ಹುಂಜ ರೆಕ್ಕೆ ಬಡಿದು ಎದೆಗೇ ಹಾರಿತು. ದಿನವೂ ಇದೇ ಅಭ್ಯಾಸ. ವಾರ ಕಳೆಯುವಷ್ಟರಲ್ಲಿ ಹಿಟ್ಟೇ ಬೇಕಿರಲಿಲ್ಲ. ಬಿಳಿ ಕಾಂಜು ಕಂಡರೆ ಸಾಕು, ಹಾರುತ್ತಿತ್ತು. ಎಂಥ ಶಿಷ್ಯ ಎಂದು ನಾನೇ ಬೀಗಿದೆ.

ಕ್ವಂಜುಲಕ್ಕೆ ಬರುವ ಗಂಡಸರೆಲ್ಲ ಬಿಳಿ ಕಾಂಜು ತೊಟ್ಟಿರುತ್ತಾರೆಂಬುದು ಮಗುವಿಗೂ ಗೊತ್ತು. ನನಗದು ಹೊಳೆದದ್ದು ಅವಳ ತವರಿನ ಚಪ್ಪರದೊಳಗೆ ಕಾಲಿಟ್ಟ ಮೇಲೆ.

ಆ ದಿನ ಗಂಡು ತುಟಿ ಬಿಚ್ಚುವಂತಿಲ್ಲ. ಅವನ ಪರವಾಗಿ ಮಾತಾಡಲು ಬೇರೆ ಮಾತುಗಾರನಿರುತ್ತಾನೆ. "ಜನ್ಮದಲ್ಲಿ ಒಂದೇ ಒಂದು ದಿನ ಬಾಯಿ ಮುಚ್ಕೊಂಡಿರಿ," ಎಂದು ನಬ್ಬೋಸ ಮಂಡಿಯೂರಿ ಬೇಡಿದ್ದಳು. ಹಾಗಾಗಿ ಎಚ್ಚರಿಸಲೂ ಆಗದೆ ಹುಂಜದ ಬುಟ್ಟಿಯನ್ನೇ ನೋಡುತ್ತಾ ಕೂತೆ. ಮಾತುಗಾರ ಬುಟ್ಟಿ ತೆರೆದ. ವಾಲುಸಿಂಬಿ ಗಾಂಭೀರ್ಯದಿಂದ ಕೈ ಚಾಚಿದ.

ಹುಂಜ ಅವನ ಎದೆಗೆ ಹಾರಿತು. ಅಲ್ಲಿಂದ ದೊಡ್ಡಪ್ಪನ ಎದೆಗೆ, ಅಲ್ಲಿಂದ ಪಾದ್ರಿಯ ಎದೆಗೆ. ಬೇಯಿಸಿದ ಮಟೋಕೆ ಬಾಳೆಕಾಯಿಯ ಹಂಡೆ ಉರುಳಿ, ಪಕ್ಕದಲ್ಲಿದ್ದ ಕಡಲೆಕಾಯಿ ಸಾರು ಹಿರಿಯರ ಕಾಂಜುಗಳ ಮೇಲೆ ಚೆಲ್ಲಿತು. ಹುಂಜಕ್ಕೆ ಇನ್ನೇನು ಬೇಕು? ವಾಲುಸಿಂಬಿ ನಿಲುವಂಗಿ ಎತ್ತಿಕೊಂಡು ಮೇಜು ಹತ್ತಿದ. ಇಂಥ ದೃಶ್ಯ ಕಣ್ಣೆದುರಿಗಿದೆ, ಮಾತುಗಾರನ ಕೈಯಿಂದ ಜಾರಿದ ಮೈಕು ಕೆಳಗೆ ಅನಾಥವಾಗಿ ಬಿದ್ದಿದೆ. ನನ್ನ ಕೈ ನನ್ನ ಮಾತು ಕೇಳಲಿಲ್ಲ.

"ನೋಡ್ರಪ್ಪಾ ನೋಡ್ರಿ! ಕೊಲೆಗಡುಕನಿಗೆ ಬೇಕಾಗಿರೋದು ಹೆಣ್ಣಿನ ಅಣ್ಣನ ರಕ್ತ! ಧಣಿ ಮೇಜು ಹತ್ತಿದ್ರು, ಹೊಟ್ಟೆ ಮುಂದೆ, ಮಾನ ಹಿಂದೆ!"

ಚಪ್ಪರ ಬಿದ್ದು ಬಿದ್ದು ನಕ್ಕಿತು. ನನ್ನ ಜೀವಮಾನದಲ್ಲಿ ಅಂಥ ಚಪ್ಪಾಳೆ ಬಿದ್ದಿಲ್ಲ. ನಬ್ಬೋಸ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅದನ್ನು ಕಂಡು ಮೈಕು ಕೆಳಗಿಟ್ಟೆ.

ವಾಲುಸಿಂಬಿ ಮೇಜಿನಿಂದಿಳಿದು, ಹೊಟ್ಟೆ ತುಂಬಿ ತೂಕಡಿಸುತ್ತಿದ್ದ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡ.

"ತಗೊಂಡೆ," ಎಂದ.

ನನಗೆ ಹೋದ ಜೀವ ಬಂತು. ನಮ್ಮ ಮಾತುಗಾರ ಹಿಗ್ಗಿ, "ಹಾಗಾದ್ರೆ ಹೆಣ್ಣು ನಮ್ದಾಯ್ತು," ಎಂದ.

"ಎಲ್ಲಿ ಆಯ್ತು? ಇದನ್ನ ಹಾಳಾದ ಕಾಂಜುಗಳಿಗೆ ದಂಡ ಅಂತ ಇಟ್ಕೊಂಡೆ. ಹೆಣ್ಣಿಗೆ ಬೇರೆ ಹುಂಜ ತನ್ನಿ," ಎಂದ ವಾಲುಸಿಂಬಿ. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಾಧ್ಯ ಆದ್ರೆ ಗಂಡನ್ನೂ ಬೇರೇನೇ ತನ್ನಿ."